ಕೊಳ್ಳುವ ಮೊದಲೇ ಮನೆಯಲ್ಲಿಟ್ಟು ನೋಡುವುದು: ವಿಆರ್, ಎಆರ್ ಮತ್ತು ಗ್ರಾಹಕರ ಹಣದ ಲೆಕ್ಕ

ಗದಗಿನಲ್ಲಿ ಕುಳಿತವರೊಬ್ಬರು ಕನ್ನಡಕ ಮಾರುವ ಆ್ಯಪ್ ತೆರೆದರೆ, ಫೋನಿನ ಕ್ಯಾಮೆರಾ ಅವರ ಮುಖವನ್ನು ತೋರಿಸುತ್ತಲೇ ಅದರ ಮೇಲೆ ಫ್ರೇಮೊಂದನ್ನು ಕೂರಿಸಿಬಿಡುತ್ತದೆ. ಲೆನ್ಸ್‌ಕಾರ್ಟ್ ಕನ್ನಡಕಗಳಿಗೆ, ಕ್ಯಾರಟ್‌ಲೇನ್ ಕಿವಿಯೋಲೆಗಳಿಗೆ, ನೈಕಾ ತುಟಿಯ ಬಣ್ಣಗಳಿಗೆ ಇಂಥ ಸೌಲಭ್ಯವನ್ನು ಕೊಟ್ಟು ಕೆಲವು ವರ್ಷಗಳೇ ಆಗಿವೆ. ಈ ಬಗೆಯ ತಂತ್ರಜ್ಞಾನದಲ್ಲಿ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸ್ಕೇಪಿಕ್ ಎಂಬ ಕಂಪನಿಯನ್ನು 2020ರಲ್ಲಿ ಫ್ಲಿಪ್‌ಕಾರ್ಟ್ ಕೊಂಡುಕೊಂಡಿತು. ಫ್ಲ್ಯಾಟ್ ಹುಡುಕುವವರಿಗೆ ಇನ್ನೂ ಅಡಿಪಾಯವೇ ಬೀಳದ ಕಟ್ಟಡದ ಹಾಲ್, ಅಡುಗೆಮನೆ, ಬಾಲ್ಕನಿಗಳನ್ನು ಕಣ್ಣಮುಂದೆ ತಂದು ತೋರಿಸುವುದೂ ಇದೇ ಕುಟುಂಬಕ್ಕೆ ಸೇರಿದ ಕೆಲಸ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳಲ್ಲಿ ಇದನ್ನು ಬಳಸುವ ಬಹಳಷ್ಟು ಜನರಿಗೆ ತಾವು ಬಳಸುತ್ತಿರುವುದಕ್ಕೆ ಏನೆನ್ನುತ್ತಾರೆಂಬುದು ತಿಳಿದಿರಬೇಕಾಗಿಲ್ಲ. ಆದರೆ ಇದಕ್ಕೆ ಖರ್ಚು ಮಾಡುವವರು ಯಾರು, ಉಳಿತಾಯ ಯಾರ ಕಿಸೆಗೆ ಹೋಗುತ್ತದೆ, ಪರದೆಯ ಮೇಲೆ ಕಂಡದ್ದಕ್ಕೂ ಕೈಗೆ ಬಂದದ್ದಕ್ಕೂ ಅಂತರವಿದ್ದರೆ ಕೊಂಡವರು ಏನು ಮಾಡಬಹುದು ಎಂಬುದು ತಿಳಿದಿರಲೇಬೇಕು, ಏಕೆಂದರೆ ಇದು ನೇರವಾಗಿ ಅವರ ಹಣದ ಪ್ರಶ್ನೆ.

ಎರಡು ತಂತ್ರಜ್ಞಾನಗಳು, ಎರಡು ದಾರಿಗಳು

ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ನೋಡುವವರನ್ನು ಅವರಿರುವ ಜಾಗದಿಂದ ಪೂರ್ತಿಯಾಗಿ ಬೇರ್ಪಡಿಸುತ್ತದೆ. ಕಣ್ಣುಗಳನ್ನು ಮುಚ್ಚುವಂತೆ ತಲೆಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ನಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ತುಸುವೇ ಬೇರೆಯಾದ ಎರಡು ಚಿತ್ರಗಳು ಮೂಡುತ್ತವೆ. ಮಿದುಳು ಅವೆರಡನ್ನೂ ಕೂಡಿಸಿ ಆಳವಿರುವ ಒಂದೇ ದೃಶ್ಯವನ್ನಾಗಿ ಮಾಡಿಕೊಳ್ಳುತ್ತದೆ. ತಲೆ ಹೊರಳಿಸಿದರೆ ದೃಶ್ಯವೂ ಹೊರಳಬೇಕು. ಈ ಎರಡರ ನಡುವಿನ ವಿಳಂಬ ಸುಮಾರು 20 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಅಳತೆ. ಅದು ಮೀರಿದರೆ ಕಣ್ಣು ಹೇಳುವುದಕ್ಕೂ ಒಳಕಿವಿಯ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದೆ ತಲೆ ಸುತ್ತುತ್ತದೆ, ಓಕರಿಕೆ ಬರುತ್ತದೆ.

ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ಇದ್ದ ಜಾಗವನ್ನು ಇದ್ದ ಹಾಗೆಯೇ ಬಿಟ್ಟು ಅಲ್ಲಿ ಇಲ್ಲದ ವಸ್ತುವೊಂದನ್ನು ತಂದು ಸೇರಿಸುತ್ತದೆ. ಇದಕ್ಕೆ ಹೆಚ್ಚಿನವರು ಬಳಸುವ ಸಾಧನ ಫೋನ್ ಮಾತ್ರ. ನೆಲದ ಕಲ್ಲುಗಳ ನಡುವಿನ ಗೆರೆ, ಗೋಡೆಯ ಮೂಲೆ, ಮಂಚದ ಅಂಚು ಮೊದಲಾದ ಎದ್ದು ಕಾಣುವ ಬಿಂದುಗಳನ್ನು ಕ್ಯಾಮೆರಾ ಗುರುತಿಸಿಕೊಳ್ಳುತ್ತದೆ. ಫೋನನ್ನು ಆಚೀಚೆ ಸರಿಸಿದಾಗ ಆ ಬಿಂದುಗಳು ಚಿತ್ರದಲ್ಲಿ ಎಷ್ಟೆಷ್ಟು ಸರಿದವೆಂಬುದನ್ನೂ, ಫೋನೇ ಎಷ್ಟು ಸರಿಯಿತೆಂದು ಅದರೊಳಗಿನ ಚಲನೆಯ ಸಂವೇದಕಗಳು ಹೇಳುವುದನ್ನೂ ಹೊಂದಿಸಿ ನೋಡಿ, ನೆಲ ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಸೋಫಾ ಇಡುವ ಮೊದಲು ಫೋನನ್ನು ನಿಧಾನವಾಗಿ ಸುತ್ತ ಆಡಿಸಿ ಎಂದು ಆ್ಯಪ್ ಕೇಳುವುದು ಇದೇ ಕಾರಣಕ್ಕೆ. ಗೆರೆಯಿಲ್ಲದ ನುಣುಪು ನೆಲದಲ್ಲಿ, ಮಬ್ಬು ಬೆಳಕಿನಲ್ಲಿ ಹಿಡಿಯಲು ಬಿಂದುಗಳೇ ಸಿಗದೆ ವಸ್ತು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ತಿರುಗುವಿಕೆಯನ್ನು ಅಳೆಯುವ ಗೈರೊಸ್ಕೋಪ್ ಇರುವುದಿಲ್ಲವಾದ್ದರಿಂದ ಅಂಥವುಗಳಲ್ಲಿ ಈ ಸೌಲಭ್ಯ ಸರಿಯಾಗಿ ನಡೆಯುವುದಿಲ್ಲ.

ಇವೆರಡೂ ಹೊಸ ಕಲ್ಪನೆಗಳಲ್ಲ. ತಲೆಗೆ ತೊಡುವ ಕಂಪ್ಯೂಟರ್ ಪರದೆಯೊಂದನ್ನು ಅಮೆರಿಕದ ಐವನ್ ಸದರ್ಲ್ಯಾಂಡ್ 1968ರಲ್ಲೇ ಮಾಡಿ ತೋರಿಸಿದ್ದರು. ವಿಮಾನದ ತಂತಿಗಳನ್ನು ಜೋಡಿಸುವ ಕೆಲಸಗಾರರ ಕಣ್ಣೆದುರಿಗೇ ಸೂಚನೆಗಳನ್ನು ಮೂಡಿಸಬಹುದೆಂಬ ಆಲೋಚನೆ 1990ರ ಸುಮಾರಿಗೆ ಬೋಯಿಂಗ್ ಕಂಪನಿಯಲ್ಲಿ ನಡೆದಿತ್ತು. ಸಾಮಾನ್ಯ ಗ್ರಾಹಕರ ಮಟ್ಟಿಗೆ ತಿರುವು ಬಂದದ್ದು 2016 ಮತ್ತು 2017ರಲ್ಲಿ: ಮೊದಲು ಪೋಕೆಮಾನ್ ಗೋ ಆಟ ಜಗತ್ತಿನಾದ್ಯಂತ ಹರಡಿತು, ಮರುವರ್ಷ ಆ್ಯಪಲ್ ಮತ್ತು ಗೂಗಲ್ ಎರಡೂ ತಮ್ಮ ಫೋನುಗಳಿಗೆ ಎಆರ್ ಕಟ್ಟಲು ಬೇಕಾದ ತಂತ್ರಾಂಶವನ್ನು ಹೊರಗಿನವರಿಗೂ ತೆರೆದವು, ಅದೇ ವರ್ಷ ಪೀಠೋಪಕರಣ ಮಾರುವ ಐಕಿಯಾ ತನ್ನ ಸರಕನ್ನು ಮನೆಯಲ್ಲಿಟ್ಟು ನೋಡುವ ಆ್ಯಪ್ ತಂದಿತು.

ಸಂಶಯಕ್ಕೂ ಒಂದು ಬೆಲೆ ಇದೆ

ಇದರ ಆರ್ಥಿಕ ಪರಿಣಾಮ ತಿಳಿಯಬೇಕಾದರೆ ಯಂತ್ರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕೊಳ್ಳುವವರ ಮನಸ್ಸಿನಲ್ಲಿರುವ ಸಂಶಯವನ್ನು ನೋಡಬೇಕು. ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿ ಸರಕುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಕೊಳ್ಳುವ ಮೊದಲೇ ಪರೀಕ್ಷಿಸಿ ಗುಣ ತಿಳಿಯಬಹುದಾದವು ಒಂದು ಬಗೆ. ಕೊಂಡು ಬಳಸಿದ ಮೇಲಷ್ಟೇ ಗುಣ ತಿಳಿಯುವವು ಇನ್ನೊಂದು ಬಗೆ. ಅದೇ ವರ್ಷ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು, ಮಾರುವವರಿಗೆ ಗೊತ್ತಿರುವುದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕಿಗೂ ತಕ್ಕ ಬೆಲೆ ಸಿಗುವುದಿಲ್ಲ ಎಂದು ತೋರಿಸಿದರು. ಈ ವಿಷಯದ ಕೆಲಸಕ್ಕಾಗಿ 2001ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಕೊಳ್ಳುವವರಿಗೆ ಸಂಶಯವಿದ್ದರೆ ಅವರು ಚೌಕಾಶಿಗೆ ಇಳಿಯುತ್ತಾರೆ, ಹೆಸರುವಾಸಿಯಾದುದನ್ನೇ ಹಿಡಿಯುತ್ತಾರೆ, ಇಲ್ಲವೇ ಕೊಳ್ಳದೆ ಹೊರಟುಹೋಗುತ್ತಾರೆ.

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಸೀರೆ ಅಂಗಡಿಗಳಲ್ಲಿ ಈ ಸಂಶಯವನ್ನು ಕಳೆಯುವ ಕೆಲಸ ದಿನವಿಡೀ ನಡೆಯುತ್ತದೆ: ಗಾದಿಯ ಮೇಲೆ ಕುಳಿತ ಕೆಲಸಗಾರರು ಮಡಿಕೆ ಬಿಚ್ಚಿ, ಸೆರಗು ಹರಡಿ, ಕೊಳ್ಳಲು ಬಂದವರ ಹೆಗಲ ಮೇಲೆ ಹಾಕಿ ಕನ್ನಡಿಯತ್ತ ತಿರುಗಿಸುತ್ತಾರೆ. ಎಆರ್ ಮಾಡಲು ಹೊರಟಿರುವುದು ಈ ಹೆಗಲ ಮೇಲೆ ಹಾಕಿ ಕನ್ನಡಿ ತೋರಿಸುವ ಕೆಲಸವನ್ನೇ. ಅಂಗಡಿಯಲ್ಲಿ ಆ ಕೆಲಸಕ್ಕೆ ಸಂಬಳ, ಬಾಡಿಗೆ, ದಾಸ್ತಾನಿಗೆ ಹೂಡಿದ ಹಣ ಎಂಬ ಖರ್ಚುಗಳಿವೆ, ಮತ್ತು ಅವು ಸೀರೆಯ ಬೆಲೆಯಲ್ಲಿ ಸೇರಿರುತ್ತವೆ. ಆನ್‌ಲೈನ್ ವ್ಯಾಪಾರ ಬಾಡಿಗೆ, ಸಂಬಳಗಳ ಒಂದು ಭಾಗವನ್ನು ಉಳಿಸಿತು, ಆದರೆ ಕನ್ನಡಿಯನ್ನು ಕಳೆದುಕೊಂಡಿತು. ಹಾಗೆ ಕಳೆದುಕೊಂಡದ್ದರ ದಂಡ ವಾಪಸಾತಿಯ ರೂಪದಲ್ಲಿ ಬಂದಿತು.

ನವಲಗುಂದದ ಜಮಖಾನವೊಂದರ ಲೆಕ್ಕ

ವಾಪಸಾತಿ ಎಷ್ಟು ದುಬಾರಿ ಎಂಬುದು ಸಾಮಾನ್ಯವಾಗಿ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವರಿಗೆ ಅದು ಉಚಿತ. ಆದ್ದರಿಂದ ನಮ್ಮದೇ ಜಿಲ್ಲೆಯ ಸರಕೊಂದನ್ನು ಇಟ್ಟುಕೊಂಡು ನೋಡೋಣ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ; ಲಂಬವಾಗಿ ನಿಲ್ಲಿಸಿದ ಮಗ್ಗದಲ್ಲಿ ಹತ್ತಿಯ ನೂಲಿನಿಂದ ಅವನ್ನು ನೇಯುವವರು ಹೆಂಗಸರು. ಜಮಖಾನ ಕೊಳ್ಳುವಾಗ ಹುಟ್ಟುವ ಮೊದಲ ಸಂಶಯ ಅಳತೆಯದು, ಎರಡನೆಯದು ತಮ್ಮ ಕೋಣೆಯ ಗೋಡೆ, ನೆಲಗಳಿಗೆ ಅದರ ಬಣ್ಣ ಹೊಂದುವುದೇ ಎಂಬುದು. ಎರಡೂ ಎಆರ್ ಉತ್ತರಿಸಬಲ್ಲ ಪ್ರಶ್ನೆಗಳೇ.

ಈಗ ಕೊಡುವ ಅಂಕಿಗಳೆಲ್ಲ ಲೆಕ್ಕ ತಿಳಿಯಲೆಂದು ಊಹಿಸಿಕೊಂಡವು, ಯಾರ ವ್ಯಾಪಾರದಿಂದಲೂ ತೆಗೆದವಲ್ಲ. ಒಂದು ಜಮಖಾನ ಮಾರಿ ಅದು ಕೊಂಡವರ ಬಳಿಯೇ ಉಳಿದರೆ, ಸಾಗಣೆಯ ಖರ್ಚು ಕಳೆದು 300 ರೂಪಾಯಿ ಲಾಭ ಎನ್ನೋಣ. ಅದು ಹಿಂದಿರುಗಿ ಬಂದರೆ ಹೋಗುವ ಸಾಗಣೆ 150, ಬರುವ ಸಾಗಣೆ 150, ಮತ್ತೆ ಮಡಚಿ ಪ್ಯಾಕ್ ಮಾಡಲು 50, ಒಟ್ಟು 350 ರೂಪಾಯಿ ನಷ್ಟ. 100 ಕಳಿಸಿ 20 ವಾಪಸಾದರೆ, ಉಳಿದ 80ರಿಂದ 24,000 ಬಂದು, 20ಕ್ಕೆ 7,000 ಹೋಗಿ, ಕೈಯಲ್ಲಿ 17,000 ಉಳಿಯುತ್ತದೆ. ಈಗ ಕೊಳ್ಳುವವರು ಜಮಖಾನವನ್ನು ಫೋನಿನಲ್ಲಿ ತಮ್ಮ ನೆಲದ ಮೇಲೆ ಹಾಸಿ ನೋಡಿ, ಸರಿಯಾದ ಅಳತೆಯನ್ನೇ ಆರಿಸಿದ್ದರಿಂದ ವಾಪಸಾತಿ 12ಕ್ಕೆ ಇಳಿಯಿತು ಎನ್ನೋಣ. ಆಗ 88ರಿಂದ 26,400 ಬಂದು, 12ಕ್ಕೆ 4,200 ಹೋಗಿ, 22,200 ಉಳಿಯುತ್ತದೆ.

ಇದರ ಇನ್ನೊಂದು ಮುಖ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಮೊದಲು ವಾಪಸು ಕಳಿಸಿದ್ದ 20 ಜನರಲ್ಲಿ ಎಂಟು ಜನ, ಸರಿಯಾದ ಅಳತೆ ಆರಿಸುವ ಬದಲು, ಜಮಖಾನವನ್ನು ತಮ್ಮ ನೆಲದ ಮೇಲೆ ನೋಡಿ, ಇದು ನಮ್ಮ ಮನೆಗೆ ಹೊಂದುವುದಿಲ್ಲವೆಂದು ಕೊಳ್ಳದೆಯೇ ಬಿಟ್ಟರೆಂದು ಭಾವಿಸೋಣ. ಆಗ ಹೊರಟದ್ದು 92 ಮಾತ್ರ. ಉಳಿದುಕೊಂಡ 80ರಿಂದ 24,000 ಬಂದು, 12ಕ್ಕೆ 4,200 ಹೋಗಿ, 19,800 ಸಿಗುತ್ತದೆ. ಕಳಿಸಿದ ಸರಕು ಕಡಿಮೆಯಾದರೂ ಲಾಭ ಮೊದಲಿನ 17,000ಕ್ಕಿಂತ 2,800 ಹೆಚ್ಚಾಯಿತು. ಎಆರ್ ಎಂದರೆ ಹೆಚ್ಚು ಮಾರುವ ಸಾಧನವೆಂದೇ ಜಾಹೀರಾತುಗಳಲ್ಲಿ ಹೇಳಲಾಗುತ್ತದೆ. ಆದರೆ ಹೊಂದದ ಸರಕು ಮನೆಗೆ ಹೋಗದಂತೆ ತಡೆಯುವುದೇ ಅದರ ಹೆಚ್ಚು ಗಟ್ಟಿಯಾದ ಲಾಭ, ಮತ್ತು ಮಾರುವವರಿಗೂ ಕೊಳ್ಳುವವರಿಗೂ ಏಕಕಾಲಕ್ಕೆ ಒಳ್ಳೆಯದಾಗುವುದು ಅಲ್ಲಿಯೇ.

ಇದಕ್ಕೆ ಎದುರಾಗಿ ನಿಲ್ಲುವ ಖರ್ಚು ತ್ರೀಡಿ ಮಾದರಿಯದು. ವಸ್ತುವನ್ನು ಸುತ್ತಲಿನಿಂದ ಹತ್ತಾರು ಫೋಟೊ ತೆಗೆದು, ಅವುಗಳನ್ನು ತಂತ್ರಾಂಶದಿಂದ ಹೊಲಿದು, ಎಲ್ಲ ಕಡೆಯಿಂದಲೂ ನೋಡಬಹುದಾದ ಒಂದು ರೂಪವನ್ನು ಮಾಡಬೇಕು. ಒಮ್ಮೆ ಮಾಡಿದ ಮೇಲೆ ಅದನ್ನು ಹತ್ತು ಜನ ನೋಡಿದರೂ ಹತ್ತು ಸಾವಿರ ಜನ ನೋಡಿದರೂ ಖರ್ಚು ಹೆಚ್ಚು ಬೆಳೆಯುವುದಿಲ್ಲ. ಹಾಗಾಗಿ ಒಂದೇ ವಿನ್ಯಾಸದ ಸಾವಿರಾರು ಕುರ್ಚಿಗಳನ್ನು ಮಾರುವ ಕಂಪನಿಗೆ ಇದು ಬೇಗ ಕೈಗೂಡುತ್ತದೆ, ಒಂದೊಂದೂ ಬೇರೆಬೇರೆಯಾಗಿರುವ ಕೈಮಗ್ಗದ ಸರಕಿಗೆ ತಡವಾಗುತ್ತದೆ. ಜಮಖಾನ ಚಪ್ಪಟೆಯಾದ ವಸ್ತುವಾದ್ದರಿಂದ ಅದರ ಮಾದರಿ ಮಾಡುವುದು ಹೋಲಿಕೆಯಲ್ಲಿ ಸುಲಭ: ಮೇಲಿನಿಂದ ಸರಿಯಾಗಿ ತೆಗೆದ ಒಂದು ಫೋಟೊ ಮತ್ತು ನಿಖರವಾದ ಉದ್ದ-ಅಗಲ ಇದ್ದರೆ ಬಹುಮಟ್ಟಿಗೆ ಸಾಕು.

ಸಣ್ಣ ಮಾರಾಟಗಾರರಿಗೆ ಭರವಸೆ ಕೊಡುವ ಒಂದು ಅಧ್ಯಯನ 2022ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೌಂದರ್ಯವರ್ಧಕ ಮಾರುವ ಅಂತರರಾಷ್ಟ್ರೀಯ ಕಂಪನಿಯೊಂದರ ಆ್ಯಪ್ ಬಳಕೆಯನ್ನು ಪರಿಶೀಲಿಸಿದ ಸಂಶೋಧಕರಿಗೆ, ಎಆರ್ ಬಳಕೆಯಿಂದ ಮಾರಾಟ ಹೆಚ್ಚುವುದು ಕಂಡುಬಂದಿತು. ಅದಕ್ಕಿಂತ ಗಮನಿಸಬೇಕಾದ ಸಂಗತಿಯೆಂದರೆ ಆ ಹೆಚ್ಚಳ ಹೆಸರುವಾಸಿ ಬ್ರ್ಯಾಂಡ್‌ಗಳಿಗಿಂತ ಕಡಿಮೆ ಪರಿಚಿತವಾದವುಗಳಲ್ಲಿ, ಅಗ್ಗದ ಸರಕಿಗಿಂತ ದುಬಾರಿ ಸರಕಿನಲ್ಲಿ, ಆನ್‌ಲೈನ್ ಖರೀದಿಗೆ ಹೊಸಬರಾದವರಲ್ಲಿ ಹೆಚ್ಚಾಗಿತ್ತು. ಸಂಶಯ ಹೆಚ್ಚಿರುವಲ್ಲಿ ಪರಿಣಾಮವೂ ಹೆಚ್ಚು ಎಂದು ಇದರ ಅರ್ಥ. ತುಟಿಯ ಬಣ್ಣದಲ್ಲಿ ಕಂಡದ್ದು ಜಮಖಾನಕ್ಕೂ ಹಾಗೆಯೇ ಅನ್ವಯಿಸಬೇಕೆಂದಿಲ್ಲ. ಆದರೂ ದೂರದ ಊರಿನವರು ಹೆಸರೇ ಕೇಳಿರದ ನಮ್ಮ ಕಡೆಯ ನೇಕಾರರ ಸರಕಿಗೆ ಈ ದಾರಿ ತೆರೆದಿದೆ ಎಂಬುದನ್ನು ಕೈಮಗ್ಗದ ಹಿತ ಬಯಸುವವರು ಗಂಭೀರವಾಗಿ ನೋಡಬೇಕು.

ಕಣ್ಣು ಒಪ್ಪಿದ್ದನ್ನು ಕೈ ಒಪ್ಪದಿರಬಹುದು

ಎಆರ್‌ನ ಮಿತಿ ಎಲ್ಲಿದೆ ಎಂದು ತಿಳಿಯಲು ಒಂದು ಸರಳ ಪ್ರಶ್ನೆ ಸಾಕು: ಈ ವಸ್ತುವನ್ನು ಅಂಗಡಿಯಲ್ಲಿ ಯಾವ ಇಂದ್ರಿಯದಿಂದ ಪರೀಕ್ಷಿಸುತ್ತಾರೆ? ಕಪಾಟು, ಟಿವಿ, ಪರದೆ, ಗೋಡೆಯ ಬಣ್ಣ, ಕನ್ನಡಕದ ಫ್ರೇಮು, ಇವೆಲ್ಲವನ್ನು ಮುಖ್ಯವಾಗಿ ಕಣ್ಣೇ ತೂಗುತ್ತದೆ. ಇಳಕಲ್ ಸೀರೆಯ ಒಡಲಿನ ಮೆತುಪು, ಸೆರಗಿನ ರೇಷ್ಮೆಯ ತೂಕ, ಕಸೂತಿಯ ಹಿಂಬದಿಯಲ್ಲಿ ಗಂಟುಗಳಿವೆಯೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯಬೇಕಾದ ವಿಷಯಗಳು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ ಪರದೆಯ ಮೇಲೆ ಕಾಣಬಹುದು, ಆದರೆ ಅದು ಎಷ್ಟು ಒಣಗಿದೆ ಎಂಬುದನ್ನು ಮುರಿದು ನೋಡಬೇಕು, ಖಾರವನ್ನು ನಾಲಿಗೆಯೇ ಹೇಳಬೇಕು.

ಕಣ್ಣಿನ ವಿಷಯದಲ್ಲೂ ಎಚ್ಚರ ಬೇಕು. ಅಳತೆಯಲ್ಲಿ ಕೆಲವು ಸೆಂಟಿಮೀಟರುಗಳ ತಪ್ಪು ಸಹಜವಾದ್ದರಿಂದ, ಬಾಗಿಲಲ್ಲಿ ಹಾಯಬೇಕಾದ ಫ್ರಿಜ್ ಅಥವಾ ಗೋಡೆಗಳ ನಡುವೆ ಕೂರಬೇಕಾದ ಕಪಾಟಿಗೆ ಟೇಪು ಹಿಡಿದು ಅಳೆಯುವುದು ಇಂದಿಗೂ ಅಗತ್ಯ. ಬಣ್ಣವಂತೂ ಫೋನಿನಿಂದ ಫೋನಿಗೆ, ಹಗಲಿನಿಂದ ಟ್ಯೂಬ್‌ಲೈಟಿಗೆ ಬದಲಾಗುತ್ತದೆ. ಕನ್ನಡಕದ ವಿಷಯದಲ್ಲಿ ಫ್ರೇಮು ಮುಖಕ್ಕೆ ಚೆಂದ ಕಾಣುವುದೇ ಬೇರೆ, ಮೂಗಿನ ಮೇಲೆ ಭಾರವಾಗದೆ ಕೂರುವುದೇ ಬೇರೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪರಿಣಾಮವಿದೆ. ವಸ್ತುವೊಂದನ್ನು ತಮ್ಮ ಮನೆಯಲ್ಲಿ, ತಮ್ಮ ಮೈಮೇಲೆ ನೋಡಿದ ಮೇಲೆ ಅದು ಆಗಲೇ ತಮ್ಮದಾಯಿತೆಂಬ ಭಾವ ಹುಟ್ಟುತ್ತದೆ, ಮತ್ತು ತಮ್ಮದೆನಿಸಿದ್ದನ್ನು ಬಿಡಲು ಮನಸ್ಸು ಹಿಂಜರಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರದ ಪ್ರಯೋಗಗಳು ಬಹಳ ಹಿಂದೆಯೇ ತೋರಿಸಿವೆ. ಸಂಶಯ ಕಳೆಯುವ ಅದೇ ಸಾಧನ ಬೇಡದ ಆಸೆಯನ್ನೂ ಹುಟ್ಟಿಸಬಲ್ಲದು.

ಹೆಡ್‌ಸೆಟ್ ಏಕೆ ಇನ್ನೂ ಮನೆಮನೆಗೆ ಬಂದಿಲ್ಲ

ಎಆರ್ ಬೇಗ ಹರಡಿ ವಿಆರ್ ಹಿಂದುಳಿದದ್ದಕ್ಕೆ ಕಾರಣ ಹಣವೇ. ಎಆರ್‌ಗೆ ಬೇಕಾದ ಫೋನನ್ನು ಜನ ಬೇರೆ ಕೆಲಸಗಳಿಗಾಗಿ ಆಗಲೇ ಕೊಂಡಿದ್ದಾರೆ. ವಿಆರ್‌ಗೆ ಪ್ರತ್ಯೇಕ ಸಾಧನ ಬೇಕು. ಮೆಟಾ ಕಂಪನಿಯ ಕ್ವೆಸ್ಟ್ 2 ಅಮೆರಿಕದಲ್ಲಿ 2020ರಲ್ಲಿ 299 ಡಾಲರಿಗೆ, ಕ್ವೆಸ್ಟ್ 3 2023ರಲ್ಲಿ 499 ಡಾಲರಿಗೆ ಬಂದವು. 2024ರ ಫೆಬ್ರುವರಿಯಲ್ಲಿ ಬಂದ ಆ್ಯಪಲ್‌ನ ವಿಷನ್ ಪ್ರೊ ಬೆಲೆ 3,499 ಡಾಲರ್, ಅಂದಿನ ದರದಲ್ಲಿ ಸುಮಾರು 2.9 ಲಕ್ಷ ರೂಪಾಯಿ. ಫೇಸ್‌ಬುಕ್ 2014ರಲ್ಲಿ ಆಕ್ಯುಲಸ್ ಎಂಬ ಹೆಡ್‌ಸೆಟ್ ಕಂಪನಿಯನ್ನು ಕೊಂಡು, 2021ರಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಆದರೂ ಈ ಕೆಲಸ ನೋಡಿಕೊಳ್ಳುವ ಅದರ ವಿಭಾಗ 2023ರಲ್ಲಿ ಸುಮಾರು 16 ಶತಕೋಟಿ, 2024ರಲ್ಲಿ ಸುಮಾರು 17.7 ಶತಕೋಟಿ ಡಾಲರ್ ನಷ್ಟ ತೋರಿಸಿತು. ಕೊಳ್ಳುವವರು ಕಡಿಮೆಯಿದ್ದರೆ ಅದಕ್ಕೆ ಬೇಕಾದ ಆಟ, ಪಾಠ, ಪ್ರವಾಸಗಳನ್ನು ಮಾಡುವವರು ಮುಂದೆ ಬರುವುದಿಲ್ಲ, ಅವು ಇಲ್ಲದಿದ್ದರೆ ಕೊಳ್ಳುವವರು ಬರುವುದಿಲ್ಲ. ಇಷ್ಟು ನಷ್ಟ ಹೊತ್ತು ಕಂಪನಿಗಳು ಬಿಡಿಸಲು ಹೊರಟಿರುವ ಗಂಟು ಇದೇ.

ಆದ್ದರಿಂದ ಸದ್ಯಕ್ಕೆ ನಮ್ಮಂಥ ಊರುಗಳಲ್ಲಿ ವಿಆರ್ ಬರುವುದು ಒಬ್ಬರ ಆಸ್ತಿಯಾಗಿ ಅಲ್ಲ, ಹಲವರು ಹಂಚಿಕೊಳ್ಳುವ ಸೇವೆಯಾಗಿ: ಮಾಲ್‌ಗಳ ಆಟದ ಅಂಗಳದಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ, ಫ್ಲ್ಯಾಟ್ ಮಾರುವವರ ಕಚೇರಿಯಲ್ಲಿ.

ಲಕ್ಕುಂಡಿಯನ್ನು ದೂರದಿಂದ ನೋಡಿದರೆ

ಪ್ರವಾಸದ ವಿಷಯದಲ್ಲಿ ಈ ತಂತ್ರಜ್ಞಾನ ನಮ್ಮ ಭಾಗಕ್ಕೆ ಹೊಸತೇನಲ್ಲ. ಹಂಪಿಯ ಸ್ಮಾರಕಗಳನ್ನು ಡಿಜಿಟಲ್ ರೂಪದಲ್ಲಿ ಕಟ್ಟುವ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು, ಅಂದರೆ ಇಂದಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಪಾಲ್ಗೊಂಡಿತ್ತು. ಗದಗಿನಿಂದ ಹತ್ತು-ಹನ್ನೆರಡು ಕಿಲೊಮೀಟರ್ ದೂರದ ಲಕ್ಕುಂಡಿಯ ಕಾಶಿ ವಿಶ್ವೇಶ್ವರ ದೇವಾಲಯವನ್ನೋ ಬ್ರಹ್ಮ ಜಿನಾಲಯವನ್ನೋ ಹೀಗೆಯೇ ಕಟ್ಟಿದರೆ, ಭಗ್ನವಾದ ಭಾಗಗಳು ಮೊದಲು ಹೇಗಿದ್ದಿರಬಹುದೆಂದು ಸ್ಥಳದಲ್ಲೇ ಫೋನ್ ಹಿಡಿದು ನೋಡಬಹುದು, ಬೇರೆ ಊರಿನ ಶಾಲೆಯ ಮಕ್ಕಳು ಕುಳಿತಲ್ಲಿಂದಲೇ ಒಳಗೆ ಓಡಾಡಬಹುದು.

ಇಲ್ಲಿ ಆರ್ಥಿಕ ಪ್ರಶ್ನೆ ಬೇರೆ. ಹೆಡ್‌ಸೆಟ್‌ನಲ್ಲಿ ನೋಡಿದವರು ಇನ್ನು ಹೋಗಬೇಕಾಗಿಲ್ಲ ಎಂದುಕೊಂಡರೆ ಆಟೊ ಓಡಿಸುವವರಿಗೆ, ಖಾನಾವಳಿಯವರಿಗೆ, ಮಾರ್ಗದರ್ಶಕರಿಗೆ ನಷ್ಟ. ನೋಡಿದ್ದರಿಂದಲೇ ಹೋಗುವ ಆಸೆ ಹುಟ್ಟಿದರೆ ಲಾಭ. ಪಟ್ಟದಕಲ್ಲು, ಹಂಪಿಗಳಷ್ಟು ಹೆಸರಿಲ್ಲದ ಲಕ್ಕುಂಡಿಗೆ ಈಗಿರುವ ತೊಡಕು ಹೊರಗಿನವರಿಗೆ ಅದು ಗೊತ್ತೇ ಇಲ್ಲದಿರುವುದು. ಹೀಗಾಗಿ ಅಲ್ಲಿ ಎರಡನೆಯ ಪರಿಣಾಮವೇ ಹೆಚ್ಚಾದೀತು ಎಂಬುದು ನನ್ನ ಅಂದಾಜು. ಸ್ಥಳದಲ್ಲೇ ನೋಡುವಂತೆ ಮಾಡಿದ ಎಆರ್‌ನಲ್ಲಂತೂ ಈ ಅಪಾಯವೇ ಇಲ್ಲ, ಏಕೆಂದರೆ ಅದನ್ನು ನೋಡಲು ಲಕ್ಕುಂಡಿಗೆ ಹೋಗಲೇಬೇಕು.

ಮುಖ ಯಾರ ಬಳಿ ಉಳಿಯುತ್ತದೆ

ಉಚಿತವಾಗಿ ಸಿಗುವ ಈ ಕನ್ನಡಿಗೆ ಗ್ರಾಹಕರು ಇನ್ನೊಂದು ರೂಪದಲ್ಲಿ ಬೆಲೆ ತೆರಬಹುದು. ಮುಖದ ಅಳತೆ, ಮನೆಯೊಳಗಿನ ನೋಟ, ಯಾವ ವಸ್ತುವಿನ ಮುಂದೆ ಎಷ್ಟು ಹೊತ್ತು ನಿಂತರೆಂಬ ವಿವರ ಇವೆಲ್ಲ ಮಾರಾಟಗಾರರಿಗೆ ಬೆಲೆಯುಳ್ಳವು. ಕೆಲವು ಆ್ಯಪ್‌ಗಳು ಈ ಲೆಕ್ಕವನ್ನು ಫೋನಿನೊಳಗೇ ಮುಗಿಸುತ್ತವೆ, ಕೆಲವು ಚಿತ್ರವನ್ನು ತಮ್ಮ ಸರ್ವರಿಗೆ ಕಳಿಸುತ್ತವೆ. ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯುತ್ತಿದ್ದೇವೆಂದು ತಿಳಿಸಿ ಒಪ್ಪಿಗೆ ಕೇಳಬೇಕು, ಆ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ.

ಕಂಡದ್ದೇ ಬೇರೆ, ಬಂದದ್ದೇ ಬೇರೆಯಾದರೆ

ಇಂಟರ್‌ನೆಟ್ ಮೂಲಕ ನಡೆಯುವ ವ್ಯಾಪಾರಕ್ಕೆಂದು 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಇಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಎಆರ್‌ನಲ್ಲಿ ತೋರಿಸಿದ ಅಳತೆ, ಬಣ್ಣಗಳೂ ಸರಕಿನ ಬಗ್ಗೆ ಕೊಟ್ಟ ವಿವರಣೆಯೇ ಎಂದು ವಾದಿಸಲು ಆಧಾರ ಬೇಕಾದ್ದರಿಂದ, ಕೊಳ್ಳುವ ಮೊದಲು ಪರದೆಯ ಚಿತ್ರವನ್ನೂ ಬರಹದಲ್ಲಿ ಕೊಟ್ಟ ಅಳತೆಯನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಉಪಯುಕ್ತ. ಮನೆ, ಫ್ಲ್ಯಾಟ್‌ಗಳ ವಿಷಯದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೆಯ ಕಲಂ ಅನ್ವಯಿಸುತ್ತದೆ: ಜಾಹೀರಾತು, ಮಾಹಿತಿ ಪುಸ್ತಿಕೆ ಅಥವಾ ಮಾದರಿ ಮನೆಯನ್ನು ನಂಬಿ ಮುಂಗಡ ಕೊಟ್ಟವರಿಗೆ, ಅವುಗಳಲ್ಲಿನ ತಪ್ಪು ಹೇಳಿಕೆಯಿಂದ ನಷ್ಟವಾದರೆ ಪರಿಹಾರ ಕೊಡಬೇಕು; ಕೊಂಡವರು ಯೋಜನೆಯಿಂದಲೇ ಹೊರಬರಲು ಬಯಸಿದರೆ ಕಟ್ಟಿದ ಹಣವನ್ನು ಬಡ್ಡಿಯೊಂದಿಗೆ ಹಿಂದಿರುಗಿಸಬೇಕು.

ಮೊದಲ ದೂರನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಸರಕಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿನ ದೂರುಗಳನ್ನು ಅದು ಕೇಳುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರಿಗೆ ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಮುಂಬೈಯಲ್ಲಿದ್ದರೂ ರಾಣೆಬೆನ್ನೂರಿನ ಗ್ರಾಹಕರು ಹಾವೇರಿಯಲ್ಲಿ, ಮುಂಡರಗಿಯವರು ಗದಗಿನಲ್ಲಿ, ಹುಬ್ಬಳ್ಳಿಯವರು ಧಾರವಾಡದಲ್ಲಿ ತಮ್ಮ ದೂರನ್ನು ದಾಖಲಿಸಬಹುದು.